ಸರ್ ಸಮುದ್ರಕ್ಕೆ ಇಳಿದದ್ದು

ಶ್ರದ್ಧಾಂಜಲಿ ಸಭೆಯಲ್ಲಿ ಐದು ಜನ ಮಾತನಾಡಿದರು. ಐದೂ ಜನ ನಮ್ಮ ಸರ್ ಅವರನ್ನು ಅಜಾತಶತ್ರು ಎಂದರು. ಮುಂದಿನ ಸಾಲಿನಲ್ಲಿ ಕೂತಿದ್ದ ನನಗೆ ನಗು ತಡೆಯುವುದೇ ಕಷ್ಟವಾಯಿತು. ಆ ಐವರಲ್ಲಿ ಮೂವರ ಜೊತೆ ಸರ್ ಮಾತು ಬಿಟ್ಟು ವರ್ಷಗಳಾಗಿದ್ದವು. ನಾಲ್ಕನೆಯವರ ಮಗಳ ಲಗ್ನಪತ್ರಿಕೆಯಲ್ಲಿದ್ದ ತಪ್ಪುಗಳಿಗೆಲ್ಲ ಪೆನ್ಸಿಲ್ಲಿನಿಂದ ಗೆರೆ ಎಳೆದು, ಅದನ್ನೇ ಆಹೇರಿಯ ಪಾಕೀಟಿನಲ್ಲಿ ಇಟ್ಟು ಮದುಮಗಳ ಕೈಗೆ ಕೊಟ್ಟು ಬಂದಿದ್ದರು. ಸತ್ತವರನ್ನು ಹೊಗಳಬೇಕು, ಒಪ್ಪುತ್ತೇನೆ. ಆದರೆ ಸರ್ ಆ ಸಭೆಯಲ್ಲಿ ಇದ್ದಿದ್ದರೆ ಎದ್ದು ನಿಂತು, "ಅಜಾತಶತ್ರು ಅಂತ ಹೆಂಗ ಹೇಳತೀರಿ? ನೀವ ನೋಡೀರೇನು?" ಎಂದು ಕೇಳಿ ಭಾಷಣವನ್ನೇ ನಿಲ್ಲಿಸುತ್ತಿದ್ದರು.

ಧಾರವಾಡದ ಒಂದು ಕಾಲೇಜಿನಲ್ಲಿ ಅವರು ಮೂವತ್ತಕ್ಕೂ ಹೆಚ್ಚು ವರ್ಷ ಪ್ರಾಣಿಶಾಸ್ತ್ರ ಕಲಿಸಿದರು. ನಾನು ಮೊದಲು ಅವರ ವಿದ್ಯಾರ್ಥಿನಿ, ಆಮೇಲೆ ಅದೇ ವಿಭಾಗದಲ್ಲಿ ಸಹೋದ್ಯೋಗಿ. ಎರಡೂ ಕಡೆಯಿಂದ ಅವರನ್ನು ಸಹಿಸಿದವಳು ಇಡೀ ಊರಿನಲ್ಲಿ ನಾನೊಬ್ಬಳೇ ಇರಬೇಕು.

ಅವರ ಅಂಗಿಯ ಜೇಬಿನಲ್ಲಿ ಸದಾ ಮೂರು ಪೆನ್ಸಿಲ್, ಮೊನೆ ಮೇಲೆ ಮಾಡಿ. ಅವುಗಳನ್ನು ಅರ್ಧ ಬ್ಲೇಡಿನಿಂದ ಹೆರೆಯುತ್ತಿದ್ದರು. ಹೆರೆಯುವಾಗ ಯಾರೂ ಮಾತನಾಡಿಸುವಂತಿರಲಿಲ್ಲ, ಪ್ರಾಂಶುಪಾಲರೂ ಕೂಡ. ಮಾರ್ಕೆಟ್ಟಿನಲ್ಲಿ ಟೊಮ್ಯಾಟೊ ಮಾರುವ ಅಜ್ಜಿಗೆ "ಇದು ಕಾಯಿಪಲ್ಲೆ ಅಲ್ಲಬೇ, ಹಣ್ಣು" ಎಂದು ಅರ್ಧ ತಾಸು ತಿಳಿಸಿ ಹೇಳಿದ್ದನ್ನು ನಾನು ಪಕ್ಕದಲ್ಲಿ ಚೀಲ ಹಿಡಿದು ನಿಂತು ಕೇಳಿದ್ದೇನೆ. ಅಜ್ಜಿ ಕೊನೆಗೆ, "ಹಣ್ಣಂದ್ರ ಹಣ್ಣು, ತಗೊಂಡ ಹೋಗೋ ಯಪ್ಪಾ, ಗಿರಾಕಿ ನಿಂತಾವು" ಎಂದು ಕೈಮುಗಿದಳು. ಹುಬ್ಬಳ್ಳಿಗೆ ಹೊರಟರೆ ಸ್ಕೂಟರ್ ಇಪ್ಪತ್ತರ ಮೇಲೆ ಹೋಗುತ್ತಿರಲಿಲ್ಲ. ಹಿಂದೆ ಲಾರಿಗಳು ಹಾರ್ನ್ ಹೊಡೆದೂ ಹೊಡೆದೂ ಸುಸ್ತಾಗುತ್ತಿದ್ದವು. "ಹಾರ್ನ್ ಹೊಡದ್ರ ರಸ್ತಾ ಅಗಲ ಆಗತೈತೇನು?" ಎಂಬುದು ಅವರ ವಾದ. ಇಂಥವರ ಜೊತೆ ವಾದಿಸುವುದು ಹೇಗೆ?

ಅವರ ಒಂದೇ ಒಂದು ವೇದವಾಕ್ಯವಿತ್ತು: "ಕಂಡದ್ದು ಬರಿ. ಕೇಳಿದ್ದು ಬರೀಬ್ಯಾಡ." ನನ್ನ ಇಪ್ಪತ್ತೆರಡು ವರ್ಷದ ಸಿಟ್ಟು ಹುಟ್ಟಿದ್ದು ಈ ಮಾತಿನಿಂದಲೇ.

ನಾನು ಹುಬ್ಬಳ್ಳಿಯ ಕಮರಿಪೇಟೆಯವಳು. ಅಪ್ಪನದು ನೂಲಿನ ಅಂಗಡಿ. ಹೆಂಗಸರು ಕುಬಸದ ಬಟ್ಟೆ ತಂದು ಕಟ್ಟೆಯ ಮೇಲೆ ಹಾಕಿದರೆ ಅದಕ್ಕೆ ಹೊಂದುವ ಉಂಡೆ ತೆಗೆದುಕೊಡುವುದು ಚಿಕ್ಕಂದಿನಿಂದ ನನ್ನ ಕೆಲಸ. ಕುಂಕುಮ ಕೆಂಪು, ಇಟ್ಟಂಗಿ ಕೆಂಪು, ದಾಳಿಂಬೆ ಕೆಂಪು ಎಲ್ಲ ನನಗೆ ಬೇರೆ ಬೇರೆಯೇ. ಹೀಗೆ ಬೆಳೆದವಳನ್ನು ಕರೆದುಕೊಂಡು ಹೋಗಿ ಕಾಲೇಜಿನ ಮ್ಯೂಸಿಯಂನಲ್ಲಿ ನಿಲ್ಲಿಸಿದರೆ ಏನಾಗಬೇಕು? ಸಾಲು ಸಾಲು ಗಾಜಿನ ಬಾಟಲಿ, ಒಳಗೆ ಔಷಧದ ನೀರಿನಲ್ಲಿ ಸಮುದ್ರದ ಪ್ರಾಣಿಗಳು. ಎಲ್ಲಕ್ಕೂ ಒಂದೇ ಬಣ್ಣ, ನೆನೆದ ರೊಟ್ಟಿಯ ಬಣ್ಣ. ಬಿ.ಎಸ್ಸಿ. ಎರಡನೇ ವರ್ಷದಲ್ಲಿ ಸರ್ ನನಗೆ ಕೊಟ್ಟದ್ದು ನಕ್ಷತ್ರ ಮೀನಿನ ಬಾಟಲಿ. ಜರ್ನಲ್‌ನಲ್ಲಿ ಅದರ ಚಿತ್ರ ಬರೆಯಬೇಕಿತ್ತು. ಗ್ರಂಥಾಲಯದ ದೊಡ್ಡ ಪುಸ್ತಕದಲ್ಲಿ ಅದೇ ಜಾತಿಯ ಮೀನಿನ ಬಣ್ಣದ ಚಿತ್ರವನ್ನು ನೋಡಿದ್ದೆ. ತಮ್ಮನ ಬಣ್ಣದ ಪೆನ್ಸಿಲ್ ತಂದು ಕೆಂಪು ತುಂಬಿದೆ. ಚೆಂದ ಬಂದಿತ್ತು, ಈಗಲೂ ಹೇಳುತ್ತೇನೆ.

ಸರ್ ಅಡ್ಡ ಗೆರೆ ಎಳೆದರು.

"ಬಾಟಲ್ಯಾಗ ಕೆಂಪ ಐತೇನು?"

"ಇಲ್ರಿ ಸರ. ಪುಸ್ತಕದಾಗ ಐತ್ರಿ."

"ಪುಸ್ತಕ ನೋಡಿ ಬರಿಯೂದಿದ್ರ ನಾ ನಿನಗ ಬಾಟಲಿ ಯಾಕ ಕೊಟ್ಟೆ?"

ಮತ್ತೆ ಬರೆದೆ. ಗೆರೆ ದಪ್ಪವಾಯಿತು ಎಂದರು. ಇನ್ನೊಮ್ಮೆ ಬರೆದೆ. ಬಾಟಲಿಯ ಮೀನಿಗೆ ಒಂದು ತೋಳು ಮುರಿದಿತ್ತು, ನಾನು ಐದೂ ತೋಳು ಪೂರ್ತಿ ಬರೆದಿದ್ದೆ. "ಐದನೇದ್ದು ಎಲ್ಲಿ ಕಂಡಿ?" ಎಂದರು. ನಾಲ್ಕನೆಯ ಸಲ ಮೊಂಡು ತೋಳಿನ, ಬಣ್ಣವಿಲ್ಲದ ಮೀನು ಬರೆದುಕೊಟ್ಟೆ. ಜರ್ನಲ್‌ಗೆ ಸಹಿ ಬೀಳದೆ ಪ್ರಾಯೋಗಿಕ ಪರೀಕ್ಷೆಗೆ ಕೂಡಿಸುತ್ತಿರಲಿಲ್ಲ. ಪರೀಕ್ಷೆ ಶುರುವಾಗಲು ಹತ್ತು ನಿಮಿಷ ಇರುವಾಗ, ಬಾಗಿಲ ಹೊರಗೆ ನಾನು ಅಳುತ್ತಾ ನಿಂತಿದ್ದಾಗ, ಸಹಿ ಹಾಕಿದರು. ಮನೆಗೆ ಹೋಗುವಾಗ ಬಸ್ಸಿನಲ್ಲಿ ಕೂತು ಶಪಥ ಮಾಡಿದೆ: ಈ ಮನುಷ್ಯನ ಬಾಯಿಂದ ಒಂದಿನ "ನಂದ ತಪ್ಪಾತು" ಎಂಬ ಮಾತು ಕೇಳಿಯೇ ಸಾಯುತ್ತೇನೆ.

ಆಗ ನನಗೆ ಗೊತ್ತಿರಲಿಲ್ಲ, ಆ ಮಾತು ಅವರ ಬಾಯಿಂದ ಅವರ ಹೆಂಡತಿಯೂ ಕೇಳಿರಲಿಲ್ಲ ಎಂದು.

ಹತ್ತು ವರ್ಷದ ಮೇಲೆ ಅದೇ ವಿಭಾಗಕ್ಕೆ ಪಾಠ ಹೇಳಲು ಸೇರಿದೆ. ಮೊದಲ ದಿನ ಸರ್ ಕನ್ನಡಕದ ಮೇಲಿಂದ ನೋಡಿದರು. ಅವರಿಗೆ ವಿದ್ಯಾರ್ಥಿಗಳ ಹೆಸರು ನೆನಪಿರುತ್ತಿರಲಿಲ್ಲ, ರೋಲ್ ನಂಬರ್ ಮಾತ್ರ ಮರೆಯುವುದಿಲ್ಲ ಎಂಬುದು ಅವರ ಹೆಮ್ಮೆ.

"ನೀ ಮೂವತ್ತೊಂದಲ್ಲ?"

"ಮೂವತ್ತೇಳ್ರಿ ಸರ."

"ಅಲ್ಲ. ಮೂವತ್ತೊಂದು."

ಮೂವತ್ತೊಂದನೇ ನಂಬರಿನವನು ಎರಡು ವರ್ಷವೂ ನನ್ನ ಜರ್ನಲ್ ನೋಡಿ ನಕಲು ಹೊಡೆದ ಪುಣ್ಯಾತ್ಮ. ಅವನ ಲೆಕ್ಕಕ್ಕೆ ನಾನು ಸೇರುವುದೇ? ಮರುದಿನ ಹಳೆಯ ಜರ್ನಲ್ ಹುಡುಕಿ ತಂದು ಮೇಲಿನ ನಂಬರ್ ತೋರಿಸಿದೆ. "ಕ್ಲರ್ಕ್ ತಪ್ಪ ಬರದಾನ" ಎಂದು ಪೆನ್ಸಿಲ್ ಹೆರೆಯತೊಡಗಿದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜನರನ್ನು ನೋಡಿದ್ದೇನೆ. ಇವರು ಮೊಲವನ್ನೇ ಕರೆದು ಒಪ್ಪಿಸುವ ಪೈಕಿ. ಆಮೇಲೆ ವರ್ಷಕ್ಕೊಮ್ಮೆಯಾದರೂ ಈ ಮೂವತ್ತೊಂದು ಮೂವತ್ತೇಳರ ಜಗಳ ನಡೆಯುತ್ತಲೇ ಇತ್ತು.

ಅವರು ನಿವೃತ್ತರಾದ ವರ್ಷವೇ ನನಗೊಂದು ಅವಕಾಶ ಬಂತು. ಮೆಡಿಟರೇನಿಯನ್ ಸಮುದ್ರದ ಒಂದು ಪುಟ್ಟ ದ್ವೀಪದಲ್ಲಿ ಎರಡು ವಾರದ ತರಬೇತಿ. ಸಿಲಿಂಡರ್ ಕಟ್ಟಿಕೊಂಡು ನೀರಿಗಿಳಿದು, ಕಡಲ ಪ್ರಾಣಿಗಳನ್ನು ಇದ್ದಲ್ಲೇ ನೋಡಿ ಎಣಿಸುವುದನ್ನು ಶಿಕ್ಷಕರಿಗೆ ಕಲಿಸುತ್ತಾರೆ. ಸುದ್ದಿ ಕೇಳಿದ ದಿನವೇ ಸರ್ ಸ್ಕೂಟರ್ ಏರಿ ಬಂದರು.

"ನಾನೂ ಬರತೇನಿ. ನನ್ನ ಖರ್ಚು ನಂದು."

"ಸರ, ನಿಮಗ ಅರವತ್ತ ದಾಟೇತ್ರಿ. ಸಮುದ್ರದಾಗ ಇಳಿಯೂದೈತಿ."

"ಸಣ್ಣಾವಿದ್ದಾಗ ನಮ್ಮೂರ ಬಾವ್ಯಾಗ ಬೆನ್ನಿಗೆ ಸೋರಿ ಬುರುಡಿ ಕಟಗೊಂಡು ಈಜ ಕಲತಾವ ನಾ. ಅವರೂ ಬುರುಡಿನ ಕಟ್ಟತಾರ. ಅದರಾಗ ಗಾಳಿ ತುಂಬಿರತಾರ, ಅಷ್ಟ."

ಹೇಗಾದರೂ ತಪ್ಪಿಸಲು, ನಾವೆಲ್ಲ ಕಾಕು ಎನ್ನುತ್ತಿದ್ದ ಅವರ ಹೆಂಡತಿಯ ಬಳಿ ಹೋದೆ. ಕಾಕು ಒಳಗಿನಿಂದ ಚಹಾ ತಂದು ಮೆಲ್ಲಗೆ ಹೇಳಿದರು: "ಕರಕೊಂಡ ಹೋಗವಾ ನಮ್ಮವ್ವಾ. ಹದಿನೈದ ದಿನ ನನಗೂ ಮನ್ಯಾಗ ಒಂದೀಟ ಶಾಂತಿ ಸಿಗತೈತಿ." ಹೃದಯ ಪರೀಕ್ಷಿಸಿ ಪ್ರಮಾಣಪತ್ರ ಕೊಡಬೇಕಾದ ಡಾಕ್ಟರು ಸರ್ ಅವರ ಹಳೆಯ ವಿದ್ಯಾರ್ಥಿ. ಅವರಾದರೂ ಬೇಡ ಎನ್ನಬಹುದು ಎಂದುಕೊಂಡಿದ್ದೆ. ಹೃದಯ ಗಟ್ಟಿಯಾಗಿದೆ ಎಂದು ಬರೆದುಕೊಟ್ಟರು. ಸರ್ ಅದರಲ್ಲೂ ಎರಡು ತಪ್ಪು ತಿದ್ದಿಸಿದರು.

ಆ ದ್ವೀಪವನ್ನು ಒಂದು ತಾಸಿನಲ್ಲಿ ಸುತ್ತಿ ಬರಬಹುದು. ಕರಿ ಕಲ್ಲು, ನಾಲ್ಕು ಓಣಿ, ಒಂದು ಚರ್ಚು. ಸುತ್ತಲಿನ ನೀರಿನಲ್ಲಿ ಹಳದಿ ತೇಲುಬುರುಡೆಗಳನ್ನು ಬಿಟ್ಟಿದ್ದರು. ಅವುಗಳ ಒಳಗಿನದು ಸಂರಕ್ಷಿತ ಕಡಲು. ಅಲ್ಲಿ ಮೀನು ಹಿಡಿಯುವಂತಿಲ್ಲ, ದೋಣಿ ಲಂಗರು ಹಾಕುವಂತಿಲ್ಲ, ಏನನ್ನೂ ಮುಟ್ಟುವಂತಿಲ್ಲ, ಒಂದು ಹರಳನ್ನೂ ಎತ್ತಿಕೊಂಡು ಬರುವಂತಿಲ್ಲ. ನಿಯಮ ಮುರಿದರೆ ತರಬೇತಿಯಿಂದ ಹೊರಗೆ. ಮೊದಲ ವಾರ ನಾನು ಮುಳುಗುವುದನ್ನು ಕಲಿತೆ. ಸರ್ ದಂಡೆಯಲ್ಲಿ ಕೂತು ಮನೆಯಿಂದ ತಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಿಂದರು. ಅಲ್ಲಿಯವರು ಪ್ರೀತಿಯಿಂದ ಮೀನು ತಂದಿಟ್ಟರೆ, "ಕೊಯ್ದು ನೋಡತೇನಿ, ತಿನ್ನೂದಿಲ್ಲ" ಎಂದರು. ಅದನ್ನು ಇಂಗ್ಲಿಷಿನಲ್ಲಿ ತಿಳಿಸಿ ಹೇಳುವ ಭಾಗ್ಯ ನನ್ನದು.

ಎರಡನೆಯ ವಾರ ಅವರಿಗೆ ಒಂದೇ ಒಂದು ಮುಳುಗಿಗೆ ಅನುಮತಿ ಸಿಕ್ಕಿತು. ಆ ಬೆಳಿಗ್ಗೆ ಯಾಕೋ ಅನುಮಾನ ಬಂದು ಅವರ ಚೀಲಕ್ಕೆ ಕೈ ಹಾಕಿದೆ. ಟವೆಲ್ಲಿನಲ್ಲಿ ಸುತ್ತಿದ ಗಾಜಿನ ಬಾಟಲಿ! ನಮ್ಮ ಮ್ಯೂಸಿಯಂನದೇ, ಬೂಚಿನ ಸಮೇತ. ಪಕ್ಕದಲ್ಲಿ ಹತ್ತಿ, ದಾರ, ಅಂಟು, ಕತ್ತರಿಸಿದ ಚೀಟಿಗಳು.

"ಸರ, ಇದೇನ್ರಿ?"

"ನಮ್ಮ ನಕ್ಷತ್ರ ಮೀನು ಮುರದೈತಿ. ಒಂದ ಛಲೋದು ಒಯ್ಯೂಣು."

"ಇಲ್ಲಿ ಹರಳೂ ಮುಟ್ಟುಹಾಂಗಿಲ್ರಿ!"

"ಅಷ್ಟ ದೊಡ್ಡ ಸಮುದ್ರದಾಗ ಒಂದ ಮೀನ ಹೋದ್ರ ಏನಾಕ್ಕೈತಿ?"

ಮೈಯೆಲ್ಲ ಉರಿದುಹೋಯಿತು. ವಿದ್ಯಾರ್ಥಿನಿಯಾಗಿದ್ದಾಗಿನಿಂದ ಇಪ್ಪತ್ತೆರಡು ವರ್ಷ ನುಂಗಿಕೊಂಡಿದ್ದೆಲ್ಲ ಆ ದಂಡೆಯ ಮೇಲೆ ಹೊರಬಂತು. ನೀವು ಮುಟ್ಟಿದರೆ ನನ್ನನ್ನು ಓಡಿಸುತ್ತಾರೆ, ಧಾರವಾಡದವರನ್ನು ಇನ್ನೊಮ್ಮೆ ಕರೆಯುವುದಿಲ್ಲ ಎಂದು ಕೂಗಾಡಿದೆ. ಸರ್ ಬಾಟಲಿಯನ್ನು ಟವೆಲ್ಲಿನಲ್ಲಿ ಮತ್ತೆ ಸುತ್ತಿದರು. "ಒದರಬ್ಯಾಡ ತಂಗಿ. ಮುಟ್ಟೂದಿಲ್ಲ ಅಂದ್ರ ಮುಟ್ಟೂದಿಲ್ಲ" ಎಂದರು. ಕೊಟ್ಟ ಮಾತು ತಪ್ಪುವ ಜನವಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಸಿಟ್ಟು ಇಳಿಯಲಿಲ್ಲ.

ನಮ್ಮನ್ನು ಇಳಿಸುವವಳು ಆ ದ್ವೀಪದಲ್ಲೇ ಹುಟ್ಟಿ ಬೆಳೆದ ಐವತ್ತರ ಹೆಂಗಸು. ನೀರಿನಲ್ಲಿ ಉಸಿರು ಹಿಡಿಯಬಾರದು, ಆಡಿಸುತ್ತಲೇ ಇರಬೇಕು ಎಂಬುದು ಅವಳು ಹೇಳಿದ ಮೊದಲ ಮಾತು. ಸರ್ ಬಾವಿಯಲ್ಲಿ ಉಸಿರು ಹಿಡಿದು ಪಂದ್ಯ ಗೆದ್ದವರು. ಮೊಣಕಾಲು ಮುಳುಗುವ ನೀರಿನಲ್ಲೇ ಮೂರು ಸಲ ಉಸಿರು ಹಿಡಿದು ಬೈಸಿಕೊಂಡರು. ಅವಳು ಅವರ ಎದೆಯ ಮೇಲೆ ಬೆರಳಿನಿಂದ ತಟ್ಟಿ ಉಸಿರಾಡಿಸುತ್ತಿದ್ದಳು. "ಹೌದವಾ, ಹೌದ" ಎನ್ನುತ್ತಿದ್ದರು ಸರ್. ಕನ್ನಡ ಅವಳಿಗೆ ಅರ್ಥವಾಯಿತೋ, ಅವಳ ಪಾಡು ನನಗೆ ಅರ್ಥವಾಯಿತೋ, ಇಬ್ಬರೂ ಒಮ್ಮೆ ಮುಖ ನೋಡಿಕೊಂಡೆವು.

ಕೊನೆಗೆ ದೋಣಿಯಲ್ಲಿ ಹೋಗಿ ಇಳಿದೆವು. ಸರ್ ಬಾಯಲ್ಲಿ ಗಾಳಿಯ ನಳಿಕೆ. ಪರಿಚಯವಾದಂದಿನಿಂದ ಅವರು ಮಾತಿಲ್ಲದೆ ನನ್ನ ಪಕ್ಕದಲ್ಲಿ ಇದ್ದದ್ದು ಅದೇ ಮೊದಲು. ಹತ್ತು ಹನ್ನೊಂದು ಮೀಟರ್ ಆಳದಲ್ಲಿ ಒಂದು ಬಂಡೆ. ಅದರ ಮೇಲೆ ಕೂತಿತ್ತು ನಕ್ಷತ್ರ ಮೀನು, ಜೀವಂತ. ಪುಸ್ತಕದಲ್ಲಿದ್ದ ಅದೇ ಜಾತಿ. ನಾನು ಅವರ ತೋಳು ಹಿಡಿದು ತೋರಿಸಿದೆ.

ನೀರಿನೊಳಗೆ ಲೆಕ್ಕ ಬರೆಯಲು ಬಿಳಿ ಪ್ಲಾಸ್ಟಿಕ್ಕಿನ ಪಾಟಿ ಇರುತ್ತದೆ, ಅದಕ್ಕೆ ದಾರದಿಂದ ಕಟ್ಟಿದ ಪೆನ್ಸಿಲ್. ಸರ್ ನನ್ನ ಕೈಯಿಂದ ಅದನ್ನು ಕಸಿದುಕೊಂಡರು. ಮುಟ್ಟಲಿಲ್ಲ, ಮೊಳದಷ್ಟು ದೂರ ನಿಂತು ಚಿತ್ರ ತೆಗೆದರು. ಐದು ತೋಳು, ಅದರಲ್ಲಿ ಒಂದು ಗಿಡ್ಡ, ಇದ್ದ ಹಾಗೆಯೇ. ಕೆಳಗೆ ದುಂಡಗೆ ಬರೆದರು: "ಬಣ್ಣ: ಬೂದು." ಬರೆದು, ಪಾಟಿಯನ್ನು ನನ್ನ ಮುಖಕ್ಕೆ ಹಿಡಿದರು. ಮಾಸ್ಕಿನ ಗಾಜಿನ ಹಿಂದೆ ಆ ಕಣ್ಣುಗಳಲ್ಲಿದ್ದ ಗೆಲುವನ್ನು ನಾನು ಮರೆಯಲಾರೆ. ಅಂದರೆ ಅವರೂ ಆ ಜರ್ನಲ್ಲನ್ನು ಮರೆತಿರಲಿಲ್ಲ!

ಆಳಕ್ಕೆ ಹೋದಂತೆ ನೀರು ಕೆಂಪನ್ನು ನುಂಗಿಬಿಡುತ್ತದೆ, ಅಲ್ಲಿ ಕೆಂಪೂ ಬೂದಾಗಿ ಕಾಣುತ್ತದೆ ಎಂದು ಹಿಂದಿನ ದಿನವಷ್ಟೇ ಅವರಿಗೆ ಹೇಳಿದ್ದೆ. "ಇದು ನೀ ಕೇಳಿದ್ದು" ಎಂದು ಕೈ ಆಡಿಸಿದ್ದರು. ಈಗ ಹೇಳೋಣವೆಂದರೆ ನನ್ನ ಬಾಯಲ್ಲೂ ನಳಿಕೆ. ಹಲ್ಲು ಕಚ್ಚಿ ಆ ಹೆಂಗಸಿನ ಕಡೆ ತಿರುಗಿ, ಅವಳ ಸೊಂಟದ ಬ್ಯಾಟರಿ ತೋರಿಸಿದೆ. ಅವಳು ಬೆಳಕು ಬಿಟ್ಟಳು.

ಬಂಡೆಯ ಮೇಲೆ ಕೆಂಪು ಹೊತ್ತಿಕೊಂಡಿತು. ಅಪ್ಪನ ಅಂಗಡಿಯ ಮೇಲಿನ ಗೂಡಿನಲ್ಲಿದ್ದ ಕುಂಕುಮ ಕೆಂಪು, ಎಳೆಯಷ್ಟೂ ಹೆಚ್ಚು ಕಡಿಮೆ ಇಲ್ಲ. ನನಗೆ ಮಾಸ್ಕಿನೊಳಗೇ ಕಣ್ಣೀರು ಬಂತು. ಸರ್ ಬಾಯಿಂದ ಬರುತ್ತಿದ್ದ ಗುಳ್ಳೆಗಳು ನಿಂತುಹೋದವು. ಉಸಿರು ಹಿಡಿದಿದ್ದರು. ಆ ಹೆಂಗಸು ಎದೆ ತಟ್ಟಿದಳು. ಉಸಿರು ಬಿಟ್ಟು, ಅವಳ ಕೈಯಿಂದ ಬ್ಯಾಟರಿ ತೆಗೆದುಕೊಂಡರು. ಆರಿಸಿದರು, ಬೂದು. ಹಚ್ಚಿದರು, ಕೆಂಪು. ಆರಿಸಿದರು. ಹಚ್ಚಿದರು. ಗಾಳಿ ಸಾಕು, ಮೇಲೆ ಹೋಗೋಣ ಎಂದು ಅವಳು ಸನ್ನೆ ಮಾಡುವ ತನಕ ಅದೇ ಕೆಲಸ. ಹೊರಡುವ ಮುಂಚೆ ಪಾಟಿಯ ಮೇಲಿನ "ಬೂದು" ಎಂಬುದನ್ನು ಹೆಬ್ಬೆರಳಿನಿಂದ ಉಜ್ಜಿ ಅಳಿಸಿದರು. ಅಲ್ಲಿ ಬೇರೆ ಏನನ್ನೂ ಬರೆಯಲಿಲ್ಲ.

ದೋಣಿಯಲ್ಲಿ ಕೂತು ಕಾದೆ. ಇಪ್ಪತ್ತೆರಡು ವರ್ಷ ಕಾದವಳಿಗೆ ಇನ್ನೈದು ನಿಮಿಷ ಏನು ದೊಡ್ಡದು? ಸರ್ ತಲೆ ಒರೆಸಿಕೊಂಡರು. ಕನ್ನಡಕ ಹಾಕಿಕೊಂಡರು. ಗಂಟಲು ಸರಿ ಮಾಡಿಕೊಂಡರು.

"ಆ ಬ್ಯಾಟರಿ ಬೆಳಕ ಎಂಥಾದ್ದೋ ಏನೋ. ಕೆಂಪ ಬೆಳಕ ಬಿಟ್ರ ಗ್ವಾಡಿನೂ ಕೆಂಪ ಕಾಣತೈತಿ."

ನಾನು ಬ್ಯಾಟರಿ ಎತ್ತಿ ಅವರ ಬಿಳಿ ಟವೆಲ್ಲಿನ ಮೇಲೆ ಬೆಳಕು ಬಿಟ್ಟೆ. ಟವೆಲ್ಲು ಬೆಳ್ಳಗೇ ಕಂಡಿತು.

"ಹೇಳ್ರಿ ಸರ, ಎಲ್ಲೈತಿ ಕೆಂಪು?"

"ಹಸಿವ್ಯಾಗೇತಿ. ರೊಟ್ಟಿ ಉಳದಾವೇನು?" ಎಂದರು.

ಅವರನ್ನು ಅಲ್ಲೇ ಸಮುದ್ರಕ್ಕೆ ನೂಕದೆ ಊರಿಗೆ ಕರೆತಂದದ್ದು ನನ್ನ ಜೀವನದ ದೊಡ್ಡ ಸಂಯಮ. ವಾಪಸು ಬರುವಾಗ ವಿಮಾನದಲ್ಲಿ ಅವರ ಜೊತೆ ಮಾತನಾಡಲಿಲ್ಲ. ಅವರು ಊಟದ ಪಟ್ಟಿಯಲ್ಲಿ ತಪ್ಪು ಹುಡುಕುತ್ತಾ ಸುಖವಾಗಿ ಬಂದರು. ಊರು ಮುಟ್ಟಿದ ವಾರದಲ್ಲೇ ವಿಭಾಗಕ್ಕೆ ಬಂದು, "ಮ್ಯೂಸಿಯಂ ಕೀಲಿ ಕೊಡು. ನಾಕ ದಿನ" ಎಂದರು. ಯಾಕೆ ಎಂದು ಕೇಳಲಿಲ್ಲ. ಕೀಲಿಯನ್ನು ಮೇಜಿನ ಮೇಲೆ ಇಟ್ಟು ಹೊರಗೆ ಹೋದೆ. ಐದನೆಯ ದಿನ ಕೀಲಿ ನನ್ನ ಡ್ರಾವರಿನಲ್ಲಿತ್ತು, ಜೊತೆಗೆ ಹೊಸದಾಗಿ ಹೆರೆದ ಒಂದು ಪೆನ್ಸಿಲ್. ಲಂಚ ಎಂದುಕೊಂಡೆ. ಆ ಮಳೆಗಾಲ ಮ್ಯೂಸಿಯಂನ ಮಾಳಿಗೆ ಸೋರಿತು. ಬಾಟಲಿಗಳ ಮೇಲೆ ತಾಡಪತ್ರಿ ಹೊದಿಸಿ ಬೀಗ ಹಾಕಿದರು.

ಸರ್ ಚಳಿಗಾಲದಲ್ಲಿ ಹೋದರು. ಮಧ್ಯಾಹ್ನ ಉಂಡು ಅಡ್ಡಾದವರು ಏಳಲಿಲ್ಲ. ಕಾಕು ನನ್ನ ಕೈ ಹಿಡಿದುಕೊಂಡು, "ಮನಿ ಶಾಂತ ಆಗೇತಿ ನೋಡವಾ. ಇಂಥಾ ಶಾಂತಿ ನಾ ಬೇಡಿದ್ದಿಲ್ಲ" ಎಂದರು. ನನಗೆ ದುಃಖ ಬಂತು, ನಿಜ. ಅದರ ಜೊತೆಗೇ ಸಿಟ್ಟೂ ಬಂತು. ಒಂದು ಮಾತು ಹೇಳಿ ಹೋಗಲು ಏನಾಗಿತ್ತು ಇವರಿಗೆ?

ಶ್ರದ್ಧಾಂಜಲಿ ಸಭೆ ಮುಗಿದ ಮೇಲೆ ವಿಭಾಗದ ಮುಖ್ಯಸ್ಥರು ಹೇಳಿದರು: "ಮೇಡಂ, ಮ್ಯೂಸಿಯಂ ಖೋಲಿ ಕಂಪ್ಯೂಟರಿಗೆ ಕೊಡೂದೈತಿ. ಯಾವ ಬಾಟಲಿ ಇಡೂದು, ಯಾವ್ದು ಒಗಿಯೂದು ನೋಡ್ರಿ." ಹೋಗಿ ಬೀಗ ತೆಗೆದು ತಾಡಪತ್ರಿ ಸರಿಸಿದೆ.

ಪ್ರತಿ ಬಾಟಲಿಯ ಮೇಲೂ ಹಳೆಯ ಚೀಟಿಯ ಕೆಳಗೆ ಒಂದು ಹೊಸ ಚೀಟಿ. ಸರ್ ಅವರ ದುಂಡಗಿನ ಅಕ್ಷರ, ಪೆನ್ಸಿಲ್ಲಿನಲ್ಲಿ. ಸ್ಪಂಜು: "ಬಣ್ಣ: ಕಂಡಿಲ್ಲ." ಕಡಲ ಹೂವು: "ಬಣ್ಣ: ಕಂಡಿಲ್ಲ." ಏಡಿ, ಶಂಖದ ಹುಳು, ಕಡಲ ಸೌತೆ, ಕಡಲ ಕುದುರೆ, ಸಾಲಿಗೆ ಸಾಲು, ಗೋಡೆಯಿಂದ ಗೋಡೆಗೆ, "ಕಂಡಿಲ್ಲ", "ಕಂಡಿಲ್ಲ". ಮೂವತ್ತು ವರ್ಷ ಕಲಿಸಿದ ಮನುಷ್ಯ ನಾಲ್ಕು ದಿನ ಒಬ್ಬರೇ ಕೂತು ಇದನ್ನು ಬರೆದಿದ್ದರು.

ಮೊಂಡು ತೋಳಿನ ನಕ್ಷತ್ರ ಮೀನಿನ ಪಕ್ಕದಲ್ಲಿ ಒಂದು ಖಾಲಿ ಬಾಟಲಿ ಇತ್ತು. ಟವೆಲ್ಲಿನಲ್ಲಿ ಸುತ್ತಿಕೊಂಡು ಅಲ್ಲಿಯವರೆಗೂ ಹೋಗಿ ಬಂದ ಬಾಟಲಿ ಅದೇ. ಒಳಗೆ ನೀರೂ ಇಲ್ಲ, ಏನೂ ಇಲ್ಲ. ಹೊರಗೆ ಚೀಟಿ:

"ನಕ್ಷತ್ರ ಮೀನು. ತಂದಿಲ್ಲ, ಅಲ್ಲೇ ಇದೆ. ಬಣ್ಣ: ಕೆಂಪು. ಕಂಡದ್ದು. ನಾನು ಅಡ್ಡಗೆರೆ ಎಳೆದದ್ದು ತಪ್ಪು. ಮೊದಲು ಸರಿಯಾಗಿ ಬರೆದವರು: ಬಿ.ಎಸ್ಸಿ. ಎರಡನೇ ವರ್ಷ, ರೋಲ್ ನಂಬರ್ ೩೧."

ಓದಿದೆ. ಇನ್ನೊಮ್ಮೆ ಓದಿದೆ. ಅಳು ಬರುತ್ತಿತ್ತು, ಮೈಯೂ ಉರಿಯುತ್ತಿತ್ತು. ಚೀಲದಲ್ಲಿ ಅವರೇ ಹೆರೆದುಕೊಟ್ಟ ಪೆನ್ಸಿಲ್ ಇತ್ತು. ತೆಗೆದು ಚೀಟಿಯ ಹತ್ತಿರ ಒಯ್ದೆ, ಮತ್ತೆ ಚೀಲದಲ್ಲೇ ಇಟ್ಟೆ.

"ಮೂವತ್ತೇಳ್ರಿ ಸರ" ಎಂದೆ, ಗಟ್ಟಿಯಾಗಿ.

"ಅಲ್ಲ" ಎನ್ನಲು ಅಲ್ಲಿ ಯಾರೂ ಇರಲಿಲ್ಲ.